ಓಟದ ಹಾದಿಯಲ್ಲಿ ಒಂದು ದಿನ: ಕೋಟಿಯ ಕಾರು ಮತ್ತು ಗೌಡರ ಜೀಪು

ಕಾಫಿ, ಅಡಿಕೆ, ಕಾಳುಮೆಣಸುಗಳನ್ನು ಬಿಟ್ಟು ಬೇರೆ ವಿಷಯ ನಮ್ಮ ಪತ್ರಿಕೆಯಲ್ಲಿ ಬರುವುದು ಅಪರೂಪ. ಹೀಗಿರುವಾಗ ಓಟದ ಕಾರಿನ ಬಗ್ಗೆ ನಾಲ್ಕು ಪುಟ ಬರೆಯುವ ಚಪಲ ನಮಗೇಕೆ ಬಂತು ಎಂದು ಸದಸ್ಯ ಬಂಧುಗಳು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಘಾಟಿ ಇಳಿದು ಹತ್ತುವ ವಾಹನ ಮನೆಯಲ್ಲಿರುವ ಪ್ರತಿಯೊಬ್ಬರೂ ಇದನ್ನು ಕೊನೆಯತನಕ ಓದಬೇಕೆಂದು ನಮ್ಮ ವಿನಂತಿ. ಏಕೆಂದರೆ ಈ ಕಥೆ ಶುರುವಾಗುವುದು ಓಟದ ಕಾರಿನಿಂದಲ್ಲ, ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಜೀಪಿನಿಂದ.

ಅವರನ್ನು ಇಲ್ಲಿ ಗೌಡರು ಎಂದಷ್ಟೇ ಕರೆಯೋಣ. ಕೊಪ್ಪದ ಕಡೆ ಮೂರು ಎಕರೆ ಅಡಿಕೆ, ನಾಲ್ಕು ಎಕರೆ ಕಾಫಿ. ವಯಸ್ಸು ಅರವತ್ತೇಳು. ಎರಡು ವರ್ಷದ ಕೆಳಗೆ ಉಡುಪಿಯ ಕಡೆ ಒಂದು ಮದುವೆಗೆಂದು ಏಳು ಜನರನ್ನೂ ಸಾಮಾನನ್ನೂ ಜೀಪಿಗೆ ಹೇರಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದರು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಮುಕ್ಕಾಲು ಪಾಲು ಮುಗಿದ ಮೇಲೆ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ನೆಲಕ್ಕೆ ಹೋಯಿತು. ಗೌಡರು ಧೈರ್ಯಗೆಡದೆ ಜೀಪನ್ನು ಗುಡ್ಡದ ಬದಿಯ ಚರಂಡಿಗೆ ಹಾಕಿ ನಿಲ್ಲಿಸಿದರು. ಮುಂದಿನ ಬಂಪರು ನುಗ್ಗಾಯಿತೇ ಹೊರತು ಯಾರಿಗೂ ಪೆಟ್ಟಾಗಲಿಲ್ಲ. ಕಣಿವೆಯ ಬದಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಆದರೆ ನಿಜವಾದ ತೊಂದರೆ ಆಮೇಲೆ ಬಂತು. ಒಂದು ಗಂಟೆ ಕಳೆದು ಮೆಕ್ಯಾನಿಕ್ ಬಂದು ನೋಡುವಾಗ ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತಿತ್ತು. ಸೋರಿಕೆ ಇಲ್ಲ, ಪೈಪು ಒಡೆದಿಲ್ಲ, ಲೈನರು ಸವೆದಿಲ್ಲ. "ಏನೂ ಆಗಿಲ್ಲ ಗೌಡ್ರೆ" ಎಂದು ಅವನು ಕೈ ಒರೆಸಿಕೊಂಡ. ಮನೆಯವರು ತೀರ್ಮಾನಕ್ಕೆ ಬಂದರು: ಅಪ್ಪನಿಗೆ ವಯಸ್ಸಾಯಿತು, ಬ್ರೇಕ್ ಎಂದುಕೊಂಡು ಕ್ಲಚ್ ತುಳಿದಿದ್ದಾರೆ. ಅಂದಿನಿಂದ ಜೀಪಿನ ಕೀ ಮಗನ ಜೇಬಿಗೆ ಹೋಯಿತು. ನಲವತ್ತು ವರ್ಷ ಘಾಟಿಯಲ್ಲಿ ವಾಹನ ಓಡಿಸಿದ ಮನುಷ್ಯ ಸೊಸೈಟಿಗೆ ಬರಬೇಕಾದರೂ ಇನ್ನೊಬ್ಬರನ್ನು ಕಾಯುವಂತಾಯಿತು. ಅವರು ವಾದ ಮಾಡಲಿಲ್ಲ. ಸುಮ್ಮನಾದರು. ಸುಮ್ಮನಾದದ್ದೇ ನಮಗೆ ಹೆಚ್ಚು ಬೇಸರ ತಂದ ಸಂಗತಿ.

ಅಳಿಯನ ಕರೆ

ಗೌಡರ ಅಳಿಯ ಬೆಂಗಳೂರಿನಲ್ಲಿ ಸ್ವಂತ ಉದ್ಯಮ ನಡೆಸುವವರು. ಅವರಿಗೆ ಕಾರಿನ ಹುಚ್ಚು. ಬೇರೊಬ್ಬರು ಬಳಸಿ ಮಾರಿದ ಒಂದು ಲ್ಯಾಂಬೋರ್ಗಿನಿ ಗಲ್ಲಾರ್ಡೋ ಕಾರನ್ನು ಕೋಟಿಗೂ ಮೀರಿದ ಹಣ ತೆತ್ತು ಕೊಂಡಿದ್ದಾರೆ. ಬೆಂಗಳೂರಿನ ರಸ್ತೆಯಲ್ಲಿ ಆ ಕಾರಿಗೆ ಎರಡನೆಯ ಗೇರಿನ ಮೇಲೆ ಕೆಲಸವಿಲ್ಲ. ಪ್ರತಿಯೊಂದು ಹಂಪಿನಲ್ಲೂ ಅದರ ಮೂತಿ ನೆಲಕ್ಕೆ ತಾಗುತ್ತದೆ. ಹಾಗಾಗಿ ಇಂಥ ಕಾರುಳ್ಳವರು ವರ್ಷಕ್ಕೊಮ್ಮೆಯಾದರೂ ಅದನ್ನು 'ಟ್ರ್ಯಾಕ್ ಡೇ'ಗೆ ಒಯ್ಯುತ್ತಾರಂತೆ. ಈ ವರ್ಷ ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲಿನ ನಡುವೆಯೇ, ಅವರು ಮಾವನವರನ್ನೂ ಜೊತೆಗೆ ನಮ್ಮನ್ನೂ ಕರೆದರು. ಗೌಡರು ಮೊದಲು ಒಲ್ಲೆ ಎಂದರು. "ಆ ದುಡ್ಡಲ್ಲಿ ಎಷ್ಟು ಎಕರೆ ತೋಟ ಬರ್ತಿತ್ತು" ಎಂಬುದು ಅವರ ಹಳೆಯ ಆಕ್ಷೇಪ. ಮಗಳ ಮಾತಿಗೆ ಕಟ್ಟುಬಿದ್ದು ಕೊನೆಗೆ ಹೊರಟರು.

ಟ್ರ್ಯಾಕ್ ಡೇ ಎಂದರೆ ಪಂದ್ಯವಲ್ಲ. ಮೋಟಾರು ಓಟಕ್ಕೆಂದೇ ಕಟ್ಟಿದ ಹಾದಿಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಶುಲ್ಕ ಕೊಟ್ಟವರಿಗೆ ತಮ್ಮ ತಮ್ಮ ವಾಹನವನ್ನು ಓಡಿಸಲು ಬಿಡುವ ವ್ಯವಸ್ಥೆ. ಗೆದ್ದವರು, ಸೋತವರು, ಬಹುಮಾನ ಯಾವುದೂ ಇಲ್ಲ. ಎದುರಿನಿಂದ ವಾಹನ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುತ್ತದೆ. ತನ್ನ ವಾಹನ ಎಷ್ಟು ಓಡುತ್ತದೆ, ಎಷ್ಟರಲ್ಲಿ ನಿಲ್ಲುತ್ತದೆ, ತನಗೆಷ್ಟು ಬರುತ್ತದೆ ಎಂಬುದನ್ನು ಇನ್ನೊಬ್ಬರ ಪ್ರಾಣಕ್ಕೆ ಸಂಚಕಾರ ತಾರದೆ ತಿಳಿದುಕೊಳ್ಳುವ ಸ್ಥಳ ಅದು.

ನಾವು ಹೋದದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಶ್ರೀಪೆರುಂಬುದೂರು ದಾಟಿದ ಮೇಲೆ ಈ ಊರು ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಮೊದಲು ಎರಡನೆಯ ಮಹಾಯುದ್ಧ ಕಾಲದ ಷೋಳಾವರಂ ವಿಮಾನ ಹಾದಿಯಲ್ಲಿ ಓಟ ನಡೆಸುತ್ತಿದ್ದರು. 1990ರಲ್ಲಿ ಇಲ್ಲಿ ತಮ್ಮದೇ ಹಾದಿ ಕಟ್ಟಿಕೊಂಡರು. ಒಂದು ಸುತ್ತು ಸುಮಾರು 3.7 ಕಿಲೋಮೀಟರ್, ಹನ್ನೆರಡು ತಿರುವು. ದಕ್ಷಿಣದವರಿಗೆ ಇದಲ್ಲದೆ ಕೊಯಮತ್ತೂರಿನ ಬಳಿ 2003ರಲ್ಲಿ ತೆರೆದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಉತ್ತರದಲ್ಲಿ ಗ್ರೇಟರ್ ನೋಯಿಡಾದ ಬುದ್ಧ್ ಸರ್ಕ್ಯೂಟ್ ಇದೆ. 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ಪಂದ್ಯ ನಡೆದದ್ದು ಅಲ್ಲಿಯೇ.

ಟ್ರ್ಯಾಕ್ಟರಿನವನು ಮಾಡಿದ ಕಾರು

ಕಾರು ಮುಚ್ಚಿದ ಲಾರಿಯಲ್ಲಿ ಮೊದಲೇ ಬಂದಿತ್ತು. ಗೌಡರ ಸೊಂಟಕ್ಕಿಂತ ಸ್ವಲ್ಪವೇ ಎತ್ತರ. ಅದರ ಮೇಲಿನ ಗೂಳಿಯ ಗುರುತು ನೋಡಿ ಗೌಡರು, "ಇದೇನು, ಎತ್ತಿನ ಕಂಪೆನಿಯದಾ?" ಎಂದರು. ತಮಾಷೆಗೆಂದು ಆಡಿದ ಮಾತು ಸತ್ಯಕ್ಕೆ ಬಹಳ ದೂರವಿರಲಿಲ್ಲ.

ಈ ಕಾರಿಗೆ ಹೆಸರು ಕೊಟ್ಟ ಫೆರೂಚೋ ಲ್ಯಾಂಬೋರ್ಗಿನಿ 1916ರಲ್ಲಿ ಉತ್ತರ ಇಟಲಿಯ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಹುಟ್ಟಿದವರು. ಬೇಸಾಯಕ್ಕಿಂತ ಯಂತ್ರದ ಮೇಲೆ ಅವರ ಮನಸ್ಸು. ಮಹಾಯುದ್ಧದಲ್ಲಿ ಸೇನೆಯ ಮೆಕ್ಯಾನಿಕ್ ಆಗಿದ್ದು, ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ವಾಹನಗಳ ಭಾಗಗಳಿಂದ ರೈತರಿಗೆ ಟ್ರ್ಯಾಕ್ಟರ್ ಮಾಡಿಕೊಡಲು ಶುರು ಮಾಡಿದರು. ಪೆಟ್ರೋಲಿನಲ್ಲಿ ಚಾಲೂ ಆಗಿ ಆಮೇಲೆ ಅಗ್ಗದ ಡೀಸೆಲಿನಲ್ಲಿ ಓಡುವ ಒಂದು ಉಪಾಯವನ್ನೂ ಕಂಡುಹಿಡಿದರು. 1948ರಲ್ಲಿ ಟ್ರ್ಯಾಕ್ಟರ್ ಕಂಪೆನಿ ಹುಟ್ಟಿತು. ಅದರಲ್ಲಿ ದುಡ್ಡಾದ ಮೇಲೆ 1963ರಲ್ಲಿ ಕಾರಿನ ಕಾರ್ಖಾನೆ. ತಾವು ಕೊಂಡ ಫೆರಾರಿ ಕಾರಿನ ಕ್ಲಚ್ ಸರಿಯಿಲ್ಲವೆಂದು ದೂರಿದಾಗ ಅದರ ಮಾಲೀಕರು ಹಗುರವಾಗಿ ಮಾತಾಡಿದರೆಂದೂ, ಆ ಸಿಟ್ಟಿಗೆ ತಾವೇ ಕಾರು ಮಾಡಲು ಹೊರಟರೆಂದೂ ಕಥೆ ಹೇಳುತ್ತಾರೆ. 1970ರ ದಶಕದಲ್ಲಿ ಎರಡೂ ಕಂಪೆನಿಗಳನ್ನು ಮಾರಿ, ಮಧ್ಯ ಇಟಲಿಯ ಟ್ರಾಸಿಮೆನೊ ಸರೋವರದ ದಡದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡು ಕೊನೆಯ ದಿನಗಳನ್ನು ಕಳೆದರು. 1993ರಲ್ಲಿ ತೀರಿಕೊಂಡರು. ಅವರ ಹೆಸರಿನ ಟ್ರ್ಯಾಕ್ಟರುಗಳು ಇಂದಿಗೂ ಬರುತ್ತಿವೆ.

ಇದನ್ನು ಕೇಳಿದ ಮೇಲೆ ಗೌಡರಿಗೆ ಆ ಕಾರಿನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. "ಕೊನೆಗೆ ತೋಟಕ್ಕೇ ಬಂದನಲ್ಲ" ಎಂದರು.

ಗಲ್ಲಾರ್ಡೋ ಮಾದರಿ 2003ರಿಂದ 2013ರವರೆಗೆ ತಯಾರಾದದ್ದು. ಅಳಿಯನ ಬಳಿಯಿರುವುದಕ್ಕೆ ಹತ್ತು ಸಿಲಿಂಡರಿನ 5.2 ಲೀಟರ್ ಎಂಜಿನ್ನು, 560 ಅಶ್ವಶಕ್ತಿ. ಎಂಜಿನ್ನು ಇರುವುದು ಚಾಲಕನ ಬೆನ್ನ ಹಿಂದೆ. ಗೌಡರ ಜೀಪಿನಂಥ ಎಂಟು ಹತ್ತು ಜೀಪುಗಳ ಬಲ ಒಂದೇ ಕಾರಿನಲ್ಲಿ ಎಂದು ತಿಳಿದರೆ ಸಾಕು.

ಬೆಳಗಿನ ಪಾಠ

ಬೆಳಿಗ್ಗೆ ಏಳು ಗಂಟೆಗೆ ಎಲ್ಲ ಚಾಲಕರನ್ನೂ ಕೂರಿಸಿ ಪಾಠ ಹೇಳಿದರು. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ನಿಧಾನಿಸಿ, ಯಾರನ್ನೂ ಹಿಂದೆ ಹಾಕಬೇಡಿ. ಕೆಂಪು ಬಾವುಟವೆಂದರೆ ಓಟ ನಿಂತಿತು, ಮೆಲ್ಲಗೆ ಒಳಗೆ ಬನ್ನಿ. ನೀಲಿಯೆಂದರೆ ನಿಮಗಿಂತ ವೇಗದವನು ಹಿಂದೆ ಇದ್ದಾನೆ, ದಾರಿ ಕೊಡಿ. ಮುಂದಿನವನು ಕೈ ತೋರಿಸದೆ ಯಾರೂ ಮುಂದೆ ಹೋಗುವಂತಿಲ್ಲ. ಮೊದಲ ಸುತ್ತು ನಿಧಾನವಾಗಿ ಹೋಗಿ ಟಯರು ಬ್ರೇಕುಗಳನ್ನು ಬೆಚ್ಚಗೆ ಮಾಡಬೇಕು, ಕೊನೆಯ ಸುತ್ತು ನಿಧಾನವಾಗಿ ಬಂದು ಅವುಗಳನ್ನು ಆರಿಸಬೇಕು. ನಿಲ್ಲಿಸಿದ ಮೇಲೆ ಕಾದ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟೆ ಕೊಡಬೇಕು.

ಆಮೇಲೆ ವಾಹನ ತಪಾಸಣೆ. ವೀಲ್ ನಟ್ ಬಿಗಿ ಇದೆಯೇ, ಟಯರಿನಲ್ಲಿ ಗಾಳಿ ಎಷ್ಟು, ಒಳಗೆ ಕಾಲಡಿಯ ಚಾಪೆ, ನೀರಿನ ಬಾಟಲಿ ಮುಂತಾದ ಸಡಿಲ ವಸ್ತು ಇದೆಯೇ, ಎಲ್ಲವನ್ನೂ ನೋಡಿದರು. ಬಾಟಲಿ ಉರುಳಿ ಬ್ರೇಕ್ ಪೆಡಲಿನ ಅಡಿಗೆ ಸೇರಿದರೆ ಗತಿಯೇನು? ನಮ್ಮ ಜೀಪುಗಳಲ್ಲಿ ಕಾಲಡಿಯಲ್ಲಿ ಕತ್ತಿ, ಸ್ಪ್ಯಾನರು, ತೆಂಗಿನಕಾಯಿ ಎಲ್ಲವೂ ಇರುವುದು ಆಗ ನೆನಪಾಯಿತು.

ತುಂಬಿಸಿ ಕೊಡಬೇಕಾದ ಕಾಗದದಲ್ಲಿ ಒಂದು ಪ್ರಶ್ನೆ: ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ? ಅಳಿಯಂದಿರು ಒಂದು ಕ್ಷಣ ಯೋಚಿಸಿ, "ಹಿಂದಿನ ಮಾಲೀಕರು ಮಾಡಿಸಿರಬೇಕು" ಎಂದುಕೊಂಡು ಗುರುತು ಹಾಕಿದರು. ತಾವು ಕೊಂಡ ಮೇಲೆ ಮೂರು ವರ್ಷದಲ್ಲಿ ಒಮ್ಮೆಯೂ ಬದಲಿಸಿರಲಿಲ್ಲ. ಇದನ್ನು ಅವರೇ ಆಮೇಲೆ ಒಪ್ಪಿಕೊಂಡದ್ದರಿಂದ ಬರೆಯುತ್ತಿದ್ದೇವೆ. ದೋಷ ಕಾರಿನದಲ್ಲ, ಕಾರು ಮಾಡಿದವರದ್ದೂ ಅಲ್ಲ.

ಮೊದಲ ಸರದಿಯಲ್ಲಿ ಪಕ್ಕದ ಸೀಟಿನಲ್ಲಿ ಬೋಧಕರಿದ್ದರು. ತಿರುವಿಗೆ ಮೊದಲೇ, ಕಾರು ನೇರವಾಗಿರುವಾಗಲೇ ಬ್ರೇಕ್ ಮುಗಿಸಬೇಕು, ತಿರುಗುವಾಗ ತುಳಿಯಬಾರದು, ತಿರುವಿನ ಆಚೆಯ ಕೊನೆ ಕಂಡ ಮೇಲೆ ಮಾತ್ರ ಆಕ್ಸಿಲರೇಟರು ಒತ್ತಬೇಕು. ಇದನ್ನೇ ಹತ್ತು ಸಲ ಹೇಳಿದರಂತೆ. ಎಲ್ಲವೂ ಸುಸೂತ್ರವಾಗಿ ಮುಗಿಯಿತು.

ಪೆಡಲ್ ನೆಲಕ್ಕೆ ಹೋದಾಗ

ಎರಡನೆಯ ಸರದಿಯಲ್ಲಿ ಅಳಿಯಂದಿರು ಒಬ್ಬರೇ. ಬಿಸಿಲು ಏರಿತ್ತು. ಗೌಡರೂ ನಾವೂ ಗ್ಯಾಲರಿಯಲ್ಲಿ ನಿಂತಿದ್ದೆವು. ಕಾರು ನೇರ ಹಾದಿಯಲ್ಲಿ ನಮ್ಮೆದುರು ಹಾದುಹೋಗುವಾಗ ಆಗುವ ಸದ್ದು ಕಿವಿಗಿಂತ ಎದೆಗೆ ತಾಗುತ್ತದೆ. ಮೂರು ಸುತ್ತು ಚೆನ್ನಾಗಿ ಬಂದರು. ಒಂದೊಂದು ಸುತ್ತಿಗೂ ವೇಗ ಹೆಚ್ಚುತ್ತಿತ್ತು. ನೇರದ ಕೊನೆಗೆ ಮುಳ್ಳು ಇನ್ನೂರರ ಹತ್ತಿರ ಹೋಗುತ್ತಿತ್ತೆಂದು ಆಮೇಲೆ ಹೇಳಿದರು.

ನಾಲ್ಕನೆಯ ಸುತ್ತಿನಲ್ಲಿ ಒಂದು ತಿರುವಿನ ಮುಂದೆ ಕಾರು ನಿಧಾನಿಸಬೇಕಾದ ಜಾಗದಲ್ಲಿ ನಿಧಾನಿಸಲಿಲ್ಲ. ನೇರವಾಗಿ ಹಾದಿ ಬಿಟ್ಟು ಆಚೆಯ ಬಯಲಿಗೆ ನುಗ್ಗಿತು. ಕೆಂಪು ಧೂಳೆದ್ದು ಏನೂ ಕಾಣದಾಯಿತು. ಹಳದಿ ಬಾವುಟ, ಅದರ ಹಿಂದೆಯೇ ಕೆಂಪು ಬಾವುಟ. ಗೌಡರು ಕಂಬಿ ಹಿಡಿದುಕೊಂಡು ನಿಂತರು. ಅವರ ಕೈ ನಡುಗುತ್ತಿದ್ದುದನ್ನು ನಾವು ನೋಡಿದೆವು. ಒಳಗಿದ್ದವನು ಮಗಳ ಗಂಡ.

ಧೂಳು ಇಳಿದಾಗ ಕಾರು ತಡೆಗೋಡೆಗೆ ಇನ್ನೂ ಹತ್ತಾರು ಗಜ ಇರುವಾಗ ನಿಂತಿತ್ತು. ಅಳಿಯಂದಿರು ತಾವೇ ಬಾಗಿಲು ತೆರೆದು ಇಳಿದು ಕೈ ಬೀಸಿದರು. ಇಂಥ ಸಮಯಕ್ಕೆಂದೇ ಹಾದಿಯ ಬದಿಗೆ ಅಷ್ಟು ಬಯಲು ಬಿಟ್ಟಿರುತ್ತಾರೆ.

ಕಾರನ್ನು ಎಳೆದು ತಂದರು. ಅಳಿಯಂದಿರು ಬಿಳಿಚಿಕೊಂಡಿದ್ದರು. "ಪೆಡಲ್ ಒಮ್ಮೆಲೇ ಮೆತ್ತಗಾಗಿ ನೆಲಕ್ಕೇ ಹೋಯ್ತು ಮಾವ. ಎರಡು ಮೂರು ಸಲ ತುಳಿದ ಮೇಲೆ ಸ್ವಲ್ಪ ಹಿಡೀತು. ಗೇರ್ ಇಳಿಸಿ ಹೇಗೋ ನಿಲ್ಲಿಸಿದೆ" ಎಂದರು.

ಗೌಡರು ಏನೂ ಮಾತನಾಡಲಿಲ್ಲ. ಒಂದು ಗಂಟೆ ಕಳೆಯಿತು. ಬೋಧಕರು ಬಂದು ಕಾರಿನೊಳಗೆ ಕುಳಿತು ಪೆಡಲ್ ಒತ್ತಿ ನೋಡಿದರು. ಗಟ್ಟಿಯಾಗಿತ್ತು. ಸೋರಿಕೆ ಇಲ್ಲ, ಪೈಪು ಒಡೆದಿಲ್ಲ, ಪ್ಯಾಡು ಸವೆದಿಲ್ಲ. ಆಗ ಗೌಡರು ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳಿದ ಮಾತು ಇಷ್ಟೇ: "ಅವತ್ತು ನನ್ ಕಾಲು ಕ್ಲಚ್ ಮೇಲೆ ಇರ್ಲಿಲ್ಲ ಕಣ್ರೀ."

ಆದದ್ದೇನು?

ಬೋಧಕರು ವಿವರಿಸಿದ್ದನ್ನು ನಮ್ಮ ಬೆಳೆಗಾರರಿಗೆ ತಿಳಿಯುವ ಮಾತಿನಲ್ಲಿ ಹೇಳುತ್ತೇವೆ.

ಓಡುವ ವಾಹನವನ್ನು ನಿಲ್ಲಿಸುವುದೆಂದರೆ ಅದರ ಓಟದ ಶಕ್ತಿಯನ್ನು ಶಾಖವಾಗಿ ಬದಲಿಸುವುದು. ವೇಗ ಎರಡು ಪಾಲಾದರೆ ಶಾಖ ನಾಲ್ಕು ಪಾಲಾಗುತ್ತದೆ. ಚಾಲಕನೂ ಸೇರಿ 1,600 ಕಿಲೋ ತೂಗುವ ಕಾರನ್ನು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಸುಮಾರು ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. 200ರಿಂದ ನಿಲ್ಲಿಸಿದರೆ ಎಂಟು ಲೀಟರ್ ನೀರು. ಅದೂ ಕೆಲವೇ ಸೆಕೆಂಡುಗಳಲ್ಲಿ. ಅಡಿಕೆ ಬೇಯಿಸುವ ಹಂಡೆಗೆ ಎಷ್ಟು ಸೌದೆ ಬೇಕೆಂದು ಬಲ್ಲವರಿಗೆ ಇದರ ಅಳತೆ ಸಿಗುತ್ತದೆ. ಇಷ್ಟು ಶಾಖವನ್ನು ಹೊರಬೇಕಾದದ್ದು ನಾಲ್ಕು ಬ್ರೇಕುಗಳು.

ಈಗ ಗೌಡರ ಜೀಪಿನ ಲೆಕ್ಕ. ಜನ, ಸಾಮಾನು ಸೇರಿ 2,000 ಕಿಲೋ ಎಂದುಕೊಳ್ಳಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಸುಮಾರು 500 ಮೀಟರ್ ಎತ್ತರ ಕಳೆಯುತ್ತೇವೆ. ಆ ಇಳಿತದ ಶಕ್ತಿಯೂ ಶಾಖವಾಗಿ ಎಲ್ಲಿಗಾದರೂ ಹೋಗಲೇಬೇಕು. ಅದರ ಮೊತ್ತ ಮೂವತ್ತೊಂದು ಲೀಟರ್ ನೀರನ್ನು ಕುದಿಸುವಷ್ಟು! ಅಂದರೆ ಆ ಕೋಟಿಯ ಕಾರನ್ನು ಇನ್ನೂರರ ವೇಗದಿಂದ ನಾಲ್ಕು ಸಲ ನಿಲ್ಲಿಸಿದಷ್ಟು. ಗಾಳಿಯ ತಡೆಯೂ ಟಯರಿನ ಘರ್ಷಣೆಯೂ ಒಂದಿಷ್ಟು ಪಾಲು ಹೊರುತ್ತವೆ, ಕಾಲಾವಧಿಯೂ ಹೆಚ್ಚು ಸಿಗುತ್ತದೆ, ನಿಜ. ಆದರೆ ಟಾಪ್ ಗೇರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಉಳಿದದ್ದೆಲ್ಲ ಬ್ರೇಕಿನ ತಲೆಗೇ ಬರುತ್ತದೆ. ಗೌಡರು ಅಂದು ಇಳಿದದ್ದು ಹಾಗೆಯೇ. ಅವರೇ ಒಪ್ಪಿದರು.

ಇನ್ನು ಬ್ರೇಕ್ ಆಯಿಲ್. ಹೆಸರು ಆಯಿಲ್ ಆದರೂ ಅದು ಎಣ್ಣೆಯಲ್ಲ. ನಮ್ಮ ವಾಹನಗಳಲ್ಲಿರುವುದು ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದಲ್ಲಿ ಉಪ್ಪಿನ ಭರಣಿ ತೇವ ಎಳೆದುಕೊಳ್ಳುವಂತೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಹೋಸಿನ ಮೂಲಕವೂ ಮೆಲ್ಲಮೆಲ್ಲಗೆ ಒಳಸೇರುತ್ತದೆ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಡಬ್ಬಿಯ ಮೇಲೆ ಡಾಟ್ 3 ಎಂದು ಬರೆದ ದ್ರವ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ನೂರಕ್ಕೆ ಸುಮಾರು ಮೂರೂಮುಕ್ಕಾಲು ಪಾಲು ನೀರು ಸೇರಿದ ಮೇಲೆ ಅದೇ ದ್ರವಕ್ಕೆ ನಿಯಮದ ಮಟ್ಟ 140 ಡಿಗ್ರಿ ಮಾತ್ರ. ಡಾಟ್ 4 ಆದರೆ ಹೊಸದಕ್ಕೆ 230, ತೇವ ಸೇರಿದ್ದಕ್ಕೆ 155. ವರ್ಷದಲ್ಲಿ ಐದು ತಿಂಗಳು ಮಳೆ ಹೊಡೆಯುವ ನಮ್ಮ ಸೀಮೆಯಲ್ಲಿ ತೇವಕ್ಕೆ ಬರವೇ?

ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಪಂಪಿಗೆ ಗಾಳಿ ಹಿಡಿದರೆ ಅದು ಎಷ್ಟು ತಿರುಗಿದರೂ ನೀರೆತ್ತುವುದಿಲ್ಲವಲ್ಲ, ಹಾಗೆ. ನೀವು ಪೆಡಲ್ ಒತ್ತುತ್ತೀರಿ, ಗುಳ್ಳೆ ಕುಗ್ಗುತ್ತದೆ, ಚಕ್ರದ ಬಳಿ ಬ್ರೇಕು ಹಿಡಿಯುವುದಿಲ್ಲ. ಒಂದು ಗಂಟೆ ಬಿಟ್ಟರೆ ತಣಿದು ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಮೆಕ್ಯಾನಿಕ್ ಬಂದು "ಏನೂ ಆಗಿಲ್ಲ" ಎನ್ನುತ್ತಾನೆ. ಅವನ ಮಾತೂ ಆ ಕ್ಷಣಕ್ಕೆ ಸುಳ್ಳಲ್ಲ. ಸಾಕ್ಷಿ ತಾನೇ ಕರಗಿಹೋಗುವ ಅಪಘಾತವಿದು.

ಅಳಿಯಂದಿರು ಅಲ್ಲಿಂದಲೇ ತಮ್ಮ ಭಾವಮೈದುನನಿಗೆ ಫೋನು ಮಾಡಿದರು. "ಮಾವ ಅವತ್ತು ಹೇಳಿದ್ದು ಸರಿ. ಇವತ್ತು ನನಗೂ ಅದೇ ಆಯ್ತು" ಎಂದರು. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲವಂತೆ.

ವೇಗ ತೋರಿಸುವ ಜಾಗ

ಇಷ್ಟು ಹೇಳಿದ ಮೇಲೆ ತರುಣ ಓದುಗರಿಗೂ ಎರಡು ಮಾತು. ಟ್ರ್ಯಾಕ್ ಡೇ ಅಗ್ಗದ ಆಟವಲ್ಲ. ಶುಲ್ಕದ ಜೊತೆಗೆ ಟಯರು, ಬ್ರೇಕು, ಪೆಟ್ರೋಲು ನೀರಿನಂತೆ ಹೋಗುತ್ತವೆ. ನಮ್ಮ ದೇಶದ ಸಾಮಾನ್ಯ ಮೋಟಾರು ವಿಮೆಯ ಕಾಗದ ತೆಗೆದು ಓದಿ: ಏರ್ಪಡಿಸಿದ ಓಟದ ಪಂದ್ಯ, ವೇಗಪರೀಕ್ಷೆ ಮುಂತಾದ ಉಪಯೋಗಕ್ಕೆ ಅದು ಅನ್ವಯಿಸುವುದಿಲ್ಲವೆಂದು ಬರೆದಿರುತ್ತದೆ. ಆದ್ದರಿಂದ ಟ್ರ್ಯಾಕಿನಲ್ಲಿ ಕಾರು ನುಗ್ಗಾದರೆ ನಷ್ಟ ಮಾಲೀಕನದೇ ಎಂದು ತಿಳಿದೇ ಇಳಿಯಬೇಕು.

ಹಣ ಕೊಟ್ಟು ಸ್ವಂತ ವಾಹನವನ್ನು ಓಟದ ಹಾದಿಯಲ್ಲಿ ಓಡಿಸುವ ಪದ್ಧತಿ ಹಳೆಯದು. ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಕಾಮಗಾರಿಯೆಂದು 1925ರಲ್ಲಿ ಶುರುಮಾಡಿ 1927ರಲ್ಲಿ ತೆರೆದ ನ್ಯೂರ್‌ಬರ್ಗ್‌ರಿಂಗ್ ಅದಕ್ಕೆ ಹೆಸರಾದದ್ದು. ಅದರ ಉತ್ತರದ ಸುತ್ತು 20.8 ಕಿಲೋಮೀಟರ್, ಕಾಡಿನ ನಡುವೆ ಸುಮಾರು 300 ಮೀಟರ್ ಏರಿಳಿತ. ನಮ್ಮ ಘಾಟಿಯನ್ನೇ ಸುತ್ತಿ ಕಟ್ಟಿದಂತೆ. ಸುಂಕ ಕೊಟ್ಟ ಯಾರೂ ಅಲ್ಲಿ ಓಡಿಸಬಹುದು. ಆದರೆ ಕಬ್ಬಿಣದ ತಡೆಬೇಲಿಗೆ ಗುದ್ದಿದವರು ಆ ಬೇಲಿಯ ಹಣವನ್ನೂ ಎಳೆದು ತಂದ ಖರ್ಚನ್ನೂ ತೆರಬೇಕು. 1976ರ ಆಗಸ್ಟ್ 1ರಂದು ಅಲ್ಲಿ ನಡೆದ ಪಂದ್ಯದಲ್ಲಿ ವಿಶ್ವ ಚಾಂಪಿಯನ್ ನಿಕಿ ಲೌಡಾ ಅವರ ಕಾರು ಬೆಂಕಿಗೆ ಸಿಕ್ಕಿ, ಹಿಂದೆ ಬಂದ ಚಾಲಕರು ನಿಂತು ಅವರನ್ನು ಎಳೆದು ಉಳಿಸಿದರು. ಆ ಉತ್ತರದ ಸುತ್ತಿನಲ್ಲಿ ಫಾರ್ಮುಲಾ ಒನ್ ಪಂದ್ಯ ಮತ್ತೆ ನಡೆಯಲಿಲ್ಲ. ಜಗತ್ತಿನ ದೊಡ್ಡ ಚಾಲಕರಿಗೇ ಬೆಟ್ಟದ ದಾರಿ ಹಾಗಾದರೆ, ಎದುರಿನಿಂದ ಬಸ್ಸು ಬರುವ ನಮ್ಮ ಘಾಟಿಯಲ್ಲಿ ಕೈಚಳಕ ತೋರಿಸುವುದು ಶೌರ್ಯವಲ್ಲ. ವೇಗದ ಆಸೆಯಿರುವ ಹುಡುಗರು ದುಡ್ಡು ಕೂಡಿಸಿ ಒಂದು ದಿನ ಟ್ರ್ಯಾಕಿಗೆ ಹೋಗಲಿ. ತಮಗೆ ಎಷ್ಟು ಬರುವುದಿಲ್ಲವೆಂದು ಅಲ್ಲಿ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ನಾವು ಮಾಡಬೇಕಾದದ್ದು

ಜೀಪು, ಪಿಕಪ್, ಕಾರು ಇರುವ ಸದಸ್ಯರು ಈ ಕೆಳಗಿನದನ್ನು ಕತ್ತರಿಸಿ ವಾಹನದಲ್ಲೇ ಇಟ್ಟುಕೊಳ್ಳಬಹುದು.

1. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮೇಲಿಂದ ಸ್ವಲ್ಪ ಸುರಿದರೆ ಬದಲಿಸಿದಂತಾಗಲಿಲ್ಲ. ನಾಲ್ಕೂ ಚಕ್ರದಲ್ಲಿ ಹಳೆಯದನ್ನು ಹೊರಬಿಟ್ಟು ಗಾಳಿ ತೆಗೆಯಬೇಕು.

2. ವಾಹನದ ಪುಸ್ತಕದಲ್ಲಿ ಹೇಳಿದ ದರ್ಜೆಯನ್ನೇ ಹಾಕಿ. ಡಾಟ್ 5 ಎಂಬುದು ಸಿಲಿಕೋನ್ ಜಾತಿ, ಬೇರೆಯದಕ್ಕೆ ಬೆರೆಸಬಾರದು. ಎಂಜಿನ್ ಆಯಿಲ್ ಒಂದು ಹನಿಯೂ ಬೇಡ. ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ.

3. ವರ್ಷಗಟ್ಟಲೆ ಅಟ್ಟದ ಮೇಲೆ ಅರ್ಧ ಉಳಿದ ಡಬ್ಬಿಯನ್ನು ಬಳಸಬೇಡಿ. ಅದು ಆಗಲೇ ತೇವ ಕುಡಿದಿರುತ್ತದೆ.

4. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ.

5. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಅಥವಾ ಎಂಜಿನ್ ಆರಿಸಿ ಇಳಿಯಬೇಡಿ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ನೆರವೂ ನಿಲ್ಲುತ್ತದೆ, ಪವರ್ ಸ್ಟಿಯರಿಂಗ್ ಕಲ್ಲಿನಂತಾಗುತ್ತದೆ.

6. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಒತ್ತಿ, ವೇಗ ಇಳಿಸಿ, ಬಿಡಿ, ಬ್ರೇಕು ಉಸಿರಾಡಲಿ.

7. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲವಾದ ಜಾಗ ನೋಡಿ ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆಯಾದರೂ ಕೂರಿ. ಕಾದ ಬ್ರೇಕಿಗೆ ನೀರು ಎರಚಬೇಡಿ.

8. ಪೆಡಲ್ ನೆಲಕ್ಕೇ ಹೋದರೆ ಬೇಗ ಬೇಗ ನಾಲ್ಕಾರು ಸಲ ತುಳಿಯಿರಿ, ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯಿರಿ. ಕೊನೆಗೆ ದಾರಿ ಕಾಣದಿದ್ದರೆ ಗುಡ್ಡದ ಬದಿಯನ್ನೇ ಆರಿಸಿಕೊಳ್ಳಿ.

ಕೊನೆಯದನ್ನು ನಮಗೆ ಕಲಿಸಿದವರು ಗೌಡರು. ಅವರಿಗೆ ಅಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಊರಿಗೆ ಬಂದ ವಾರವೇ ನಮ್ಮ ಸಂಘದ ಪಿಕಪ್ಪಿನ ಬ್ರೇಕ್ ಆಯಿಲ್ ತೆಗೆಸಿ ನೋಡಿದೆವು. ಹೊಸದು ತಿಳಿ ಬಣ್ಣದ್ದು. ನಮ್ಮದರಿಂದ ಹೊರಬಂದದ್ದು ಕಾಫಿ ಕಷಾಯದಂತಿತ್ತು. ಹಿಂದೆ ಬದಲಿಸಿದ್ದು ಯಾವಾಗ ಎಂದು ಲೆಕ್ಕದ ಪುಸ್ತಕ ತಿರುವಿದರೆ ದಾಖಲೆಯೇ ಸಿಗಲಿಲ್ಲ. ಸದಸ್ಯರ ಗೊಬ್ಬರ, ಅಡಿಕೆ ಮೂಟೆ, ಕೆಲವೊಮ್ಮೆ ಸದಸ್ಯರನ್ನೂ ಹೊತ್ತು ತಿರುಗುವ ವಾಹನವದು. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ. ಇನ್ನು ಮುಂದೆ ಬದಲಿಸಿದ ದಿನಾಂಕವನ್ನು ಬಾನೆಟ್ಟಿನ ಒಳಗೇ ಬರೆದು ಅಂಟಿಸುವುದೆಂದು ಗೊತ್ತುಮಾಡಿದ್ದೇವೆ.

ಹೋದ ತಿಂಗಳ ಸಭೆಗೆ ಗೌಡರು ಜೀಪಿನಲ್ಲಿ ಬಂದರು. ಒಬ್ಬರೇ ಬಂದರು. ಕಚೇರಿಯೆದುರಿನ ಇಳಿಜಾರನ್ನು ಎರಡನೆಯ ಗೇರಿನಲ್ಲಿ ಎಂಜಿನ್ ಗುರುಗುಟ್ಟಿಸುತ್ತಾ ಇಳಿದು, ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೀಯನ್ನು ತಮ್ಮ ಜೇಬಿಗೇ ಹಾಕಿಕೊಂಡು ಒಳಗೆ ಬಂದು ಕುಳಿತರು.